ಹೆದ್ದಾರಿ ಪಕ್ಕದ ಊರಲ್ಲಿ ಸೈಕಲ್: ಯಾವುದು ತಗೋಬೇಕು, ಹೇಗೆ ಓಡಿಸಬೇಕು?

ಇವತ್ತಿನ ಮಾತು ಸೈಕಲ್ ಬಗ್ಗೆ. ಹಿರಿಯೂರು ತಾಲ್ಲೂಕಿನ ಆದಿವಾಲವನ್ನೇ ತಗೊಳ್ಳಿ. ರಾಷ್ಟ್ರೀಯ ಹೆದ್ದಾರಿ 48, ಅಂದ್ರೆ ಬೆಂಗಳೂರು–ಪುಣೆ ರಸ್ತೆ, ಊರ ಪಕ್ಕದಲ್ಲೇ ಹೋಗುತ್ತೆ. ಇಂಥ ಕಡೆ ಸೈಕಲ್ ಕೊಡಿಸೋದಕ್ಕಿಂತ ಅದನ್ನು ರಸ್ತೆಗೆ ಬಿಡೋದೇ ಮನೆಯವರಿಗೆ ದೊಡ್ಡ ಚಿಂತೆ.

2006-07ರಲ್ಲಿ ಶುರುವಾದ ಸರ್ಕಾರಿ ಯೋಜನೆಯಲ್ಲಿ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಸಿಗ್ತಿತ್ತು. ಕೋವಿಡ್ ಹೊತ್ತಿಗೆ ಅದು ನಿಂತಿತು. ಸ್ವಂತ ದುಡ್ಡು ಹಾಕುವಾಗ ನೋಡಿ ತಗೋಬೇಕು.

ಮೊದಲು ಅಳತೆ. ಸೈಕಲ್ ನಡುವೆ ನಿಂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಅಡ್ಡ ಕಂಬಿ ಮೈಗೆ ಒತ್ತಬಾರದು. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟರೆ ಕಾಲು ನೇರ ಆಗಬೇಕು. ಸೀಟು ತೀರಾ ತಗ್ಗಿದ್ದರೆ ಮಂಡಿ ನೋಯುತ್ತೆ.

ಗೇರ್ ಬೇಕಾ? ಸಮತಟ್ಟು ದಾರಿ, ನಾಲ್ಕೈದು ಕಿಲೋಮೀಟರ್ ಅಂದ್ರೆ ಬೇಡ. ಗೇರ್ ಇಲ್ಲದ ಸೈಕಲ್ ಊರಿನ ಪಂಕ್ಚರ್ ಅಂಗಡಿಯಲ್ಲೇ ರಿಪೇರಿ ಆಗುತ್ತೆ. ನೋಡೋಕೆ ಗತ್ತಾಗಿರೋ ಅಗ್ಗದ ಸಸ್ಪೆನ್ಷನ್ ಸೈಕಲ್ ಭಾರ ಜಾಸ್ತಿ, ತುಳಿಯೋದೂ ಕಷ್ಟ. ಜಾಲಿ ಮುಳ್ಳಿನ ಸೀಮೆ ಇದು, ಸ್ವಲ್ಪ ದಪ್ಪ ಟೈರು ಇರಲಿ.

ಇನ್ನು ರಸ್ತೆ. ಒಂದು ವಾರ ಶಾಲೆ ಮೈದಾನದಲ್ಲಿ ಮೂರು ಕೆಲಸ ಕಲೀರಿ: ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಹೋಗೋದು, ಸೈಕಲ್ ವಾಲದ ಹಾಗೆ ಬಲಕ್ಕೆ ಹಿಂತಿರುಗಿ ನೋಡೋದು, ಎರಡೂ ಬ್ರೇಕ್ ಹದವಾಗಿ ಹಿಡಿದು ನಿಲ್ಲೋದು. ಆಮೇಲೆ ಊರೊಳಗಿನ ರಸ್ತೆ, ಆಮೇಲೆ ಸರ್ವೀಸ್ ರಸ್ತೆ.

ಯೂ-ಟರ್ನ್ ದೂರ ಅಂತ ರಾಂಗ್ ಸೈಡಲ್ಲಿ ಬರೋದು ಬೇಡವೇ ಬೇಡ. ಲೆಕ್ಕ ನೋಡಿ: ನಿಮ್ಮ ವೇಗ 15, ಕಾರಿನದು 80. ಹಿಂದಿನಿಂದ ಬರೋ ಕಾರು ಗಂಟೆಗೆ 65 ಕಿ.ಮೀ. ವೇಗದಲ್ಲಿ ನಿಮ್ಮನ್ನ ಸಮೀಪಿಸುತ್ತೆ. ಎದುರಿನಿಂದ ಆದ್ರೆ 95. ಅಡ್ಡರಸ್ತೆಯಿಂದ ಬರೋ ಚಾಲಕ ಬಲಗಡೆ ನೋಡ್ತಿರ್ತಾನೆ, ನೀವು ಎಡದಿಂದ ಬಂದಿರ್ತೀರಿ. ಅವನ ಕಣ್ಣಿಗೇ ಬೀಳಲ್ಲ.

ಲಾರಿ ಪಕ್ಕದಲ್ಲಿ ಹಾದಾಗ ಗಾಳಿ ಮೊದಲು ತಳ್ಳಿ, ಆಮೇಲೆ ಎಳೆಯುತ್ತೆ. ಹ್ಯಾಂಡಲ್ ಗಟ್ಟಿಯಾಗಿ ಹಿಡಿದು ನೇರ ಹೋಗಿ. ರಸ್ತೆ ಅಂಚಿಗೇ ಅಂಟಿಕೊಂಡರೆ ಗಾಬರಿಯಲ್ಲಿ ಮಣ್ಣಿಗಿಳಿದು ಜಾರ್ತೀರಿ, ಒಂದೆರಡು ಅಡಿ ಜಾಗ ಬಿಡಿ. ಹೆದ್ದಾರಿ ದಾಟಬೇಕಾದ್ರೆ ಇಳಿದು, ತಳ್ಳಿಕೊಂಡು ದಾಟಿ. ಅದರಲ್ಲಿ ನಾಚಿಕೆ ಏನಿಲ್ಲ.

ಕತ್ತಲಾದ್ಮೇಲೆ ಹಿಂದೊಂದು ಕೆಂಪು ಲೈಟು ಇರಲೇಬೇಕು. ಹೊಸ ಸೈಕಲ್ ಜೊತೆಗೆ ಮೊದಲು ತಗೋಬೇಕಾದ್ದು ಅದೇ.