ಕೊಲ್ಲಾರಿ ಬಂಡಿಯ ಭಾರವಿದ್ಯೆ

ಶೀಗಿ ಹುಣ್ಣಿಮೆಯ ಅಥವಾ ಎಳ್ಳಮಾವಾಸ್ಯೆಯ ಮುಂಜಾನೆ, ಗದಗ ತಾಲೂಕಿನ ಹಿರೇಹಂದಿಗೋಳವೇ ಮೊದಲಾದ ಗ್ರಾಮಗಳಲ್ಲಿ, ವರ್ಷವಿಡೀ ತಿಪ್ಪೆಗೊಬ್ಬರವನ್ನೂ ಜೋಳದ ತೆನೆಯನ್ನೂ ಹೊತ್ತು ಸವೆದ ಚಕ್ಕಡಿಯು ಮೈತೊಳೆದುಕೊಂಡು, ಬಿದಿರಿನದೊಂದು ಕಮಾನನ್ನು ಏರಿಸಿಕೊಂಡು, ಹೆಂಗಸರು ಮಕ್ಕಳನ್ನೂ, ಸಜ್ಜೆಯ ರೊಟ್ಟಿ, ಎಣಗಾಯಿ ಪಲ್ಯ, ಶೇಂಗಾ ಹಿಂಡಿ, ಕರಿಗಡಬುಗಳ ಬುತ್ತಿಯನ್ನೂ ಒಳಗಿಟ್ಟುಕೊಂಡು, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲುವುದಕ್ಕೆಂದು ಹೊಲದ ದಾರಿ ಹಿಡಿಯುವ ಪದ್ಧತಿಯುಂಟು. ಆ ಕಮಾನೇ ಕೊಲ್ಲಾರಿ. ಹೊಲದ ಪಯಣ ಅರ್ಧ ದಿವಸದ್ದು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೋ ಭರತ ಹುಣ್ಣಿಮೆಗೋ ಹೊರಟಾಗ, ಅಥವಾ ತುಂಗಭದ್ರೆಯ ದಡದ ಮೈಲಾರಕ್ಕೆ ಕಾರಣಿಕದ ಭವಿಷ್ಯವಾಣಿ ಕೇಳಲು ಹೊರಟಾಗ, ಅದೇ ಕೊಲ್ಲಾರಿಯು ಹಗಲು ನೆರಳಾಗಿ ಇರುಳು ಮಲಗುವ ಮನೆಯಾಗಿ ಹಲವು ದಿನ ಒಂದು ಕುಟುಂಬವನ್ನು ಕಾಪಾಡಬೇಕಾಗುವುದು.

ಇದು ಬಂಡಿಯ ಅಂಗವಲ್ಲ, ಬಂಡಿಯ ಅತಿಥಿ. ಬೇಕಾದಾಗ ಏರಿಸಿ, ಕಾರ್ಯ ತೀರಿದ ಮೇಲೆ ಇಳಿಸಿ ದನದ ಕೊಟ್ಟಿಗೆಯ ಮೂಲೆಯಲ್ಲಿ ಒರಗಿಸಿಡತಕ್ಕದ್ದು. ಸಮುದ್ರದಾಚೆ ಅಮೆರಿಕದ ಜನರು ಇದೇ ಉಪಾಯವನ್ನು ಯಂತ್ರಕ್ಕೆ ಅನ್ವಯಿಸಿಕೊಂಡಿದ್ದಾರೆ. ಹಾಸಿಗೆ, ಒಲೆ, ನೀರಿನ ತೊಟ್ಟಿಗಳಿಂದ ಕೂಡಿದ ಇಡಿಯ ಕೋಣೆಯೊಂದನ್ನು ನಾಲ್ಕು ಮೂಲೆಗಳಲ್ಲಿ ಜಾಕುಗಳ ಮೇಲೆ ನಿಲ್ಲಿಸಿ, ಪಿಕಪ್ ವಾಹನದ ಹಿಂಬಾಗಿಲನ್ನು ಕಳಚಿ, ವಾಹನವನ್ನು ಮೆಲ್ಲಮೆಲ್ಲನೆ ಅದರ ಕೆಳಗೆ ಹಿಮ್ಮುಖವಾಗಿ ನುಗ್ಗಿಸಿ, ಬಳಿಕ ನಾಲ್ಕೂ ಜಾಕುಗಳನ್ನು ಸರಿಸಮನಾಗಿ ಇಳಿಸಿ ಕೋಣೆಯನ್ನು ವಾಹನದ ಮೇಲೆ ಕೂರಿಸುವರು. ಟ್ರಕ್ ಕ್ಯಾಂಪರ್ ಎಂದು ಅದಕ್ಕೆ ಹೆಸರು. ಇಂತಹ ಕೋಣೆಯನ್ನು ಹೊರಬಲ್ಲ ವಾಹನವು ಎಷ್ಟು ತೂಕವನ್ನು ತಾಳಬಲ್ಲುದು, ಹೊರೆಯ ಗುರುತ್ವಕೇಂದ್ರವು ಎಲ್ಲಿಂದ ಎಲ್ಲಿಯೊಳಗೆ ಬೀಳತಕ್ಕದ್ದು ಎಂಬುದನ್ನು ತಯಾರಕರು ಕೊಳ್ಳುವವನಿಗೆ ಬರೆದು ತಿಳಿಸಲೇಬೇಕೆಂದು ಅಲ್ಲಿನ ಕೇಂದ್ರ ಸರಕಾರದ ನಿಯಮವೇ ಇದೆ. ನಮ್ಮ ಎರೆಸೀಮೆಯ ಒಕ್ಕಲಿಗನಿಗೆ ಅದನ್ನು ಯಾರೂ ಬರೆದು ಕೊಟ್ಟವರಿಲ್ಲ. ಎತ್ತಿನ ಹೆಗಲೇ ಅವನಿಗೆ ಆ ಪಾಠವನ್ನು ಕಲಿಸಿತು.

ಕೊಲ್ಲಾರಿಯನ್ನು ಏರಿಸುವುದು ಎತ್ತು ಹೂಡುವುದಕ್ಕೆ ಮೊದಲು, ಸಮತಟ್ಟಾದ ಅಂಗಳದಲ್ಲಿ. ಗಾಲಿಗಳ ಹಿಂದೆಮುಂದೆ ಕಲ್ಲೊತ್ತು ಕೊಟ್ಟು, ನೊಗದತ್ತ ಮುಂದೆ ಚಾಚಿದ ಮೂಕಿಯ ಕೆಳಗೆ ಊರುಗೋಲಿಟ್ಟು, ಬಂಡಿಯ ಮೈ ಮಟ್ಟಸವಾಗಿ ನಿಂತಿರುವುದೇ ಎಂದು ನೋಡಿಕೊಂಡ ಮೇಲೆ, ಇಕ್ಕೆಲದ ಗೂಟಗಳನ್ನು ಕಿತ್ತು, ನಾಲ್ವರು ನಾಲ್ಕು ಮೂಲೆ ಹಿಡಿದು ಹಿಂದಿನಿಂದ ಕಮಾನನ್ನು ಸಾಗಿಸುವರು. ಹೇಳುವವನು ಒಬ್ಬನೇ ಇರಬೇಕು. ನಾಲ್ವರೂ ಮಾತನಾಡತೊಡಗಿದರೆ ಕೊಲ್ಲಾರಿಯು ಬಂಡಿಯ ಮೇಲೆ ಇಳಿಯುವ ಮೊದಲು ಯಾರೊಬ್ಬರ ಕಾಲ ಮೇಲಾದರೂ ಇಳಿಯುವುದು ನಿಶ್ಚಯ. ಹಗ್ಗವನ್ನು ತೆಳ್ಳನೆಯ ಹಲಗೆಗಳಿಗೆ ಬಿಗಿಯದೆ ಬಂಡಿಯ ಉದ್ದನೆಯ ತೊಲೆಗಳಿಗೇ ಬಿಗಿಯಬೇಕು. ಅದೂ ಮುಂದಕ್ಕೊಂದು ಹಿಂದಕ್ಕೊಂದು ಓರೆಯಾಗಿ ಎಳೆದು, ಏರಿನಲ್ಲಿ ಹಿಂದಕ್ಕೂ ಇಳಿಜಾರಿನಲ್ಲಿ ಮುಂದಕ್ಕೂ ಜಾರದಂತೆ. ಕೆಳಗೆ ಜೋಳದ ಕಣಿಕೆಯನ್ನು ಹರಹಿ, ಅದರ ಮೇಲೆ ಗೋಣಿತಟ್ಟು, ಅದರ ಮೇಲೆ ಕೌದಿ ಹಾಸಿದರೆ ಕೂರುವವರಿಗೆ ಮೆತ್ತೆ, ಎತ್ತುಗಳಿಗೆ ದಾರಿಯ ಮೇವು. ಕಮಾನಿನ ಮೇಲೆ ಪೂರ್ವದಲ್ಲಿ ಚಾಪೆಯೋ ಜಮಖಾನೆಯೋ ಇರುತ್ತಿತ್ತು. ಈಗ ತಾಡಪತ್ರಿ ಬಂದಿದೆ. ತಾಡಪತ್ರಿಯು ಮಳೆಗೆ ಮೇಲು, ಸೆಕೆಗೆ ಕಡುವೈರಿ.

ಆದರೆ ವಿದ್ಯೆಯ ಮರ್ಮವಿರುವುದು ಕಟ್ಟುವುದರಲ್ಲಿಗಿಂತ ತುಂಬುವುದರಲ್ಲಿ. ಚಕ್ಕಡಿಯು ಎರಡೇ ಗಾಲಿಗಳ ವಾಹನ. ಅಚ್ಚಿನ ಮೇಲೆ ತೂಗಾಡುವ ತಕ್ಕಡಿಯ ದಂಡಿಗೆಯೆಂದೇ ಅದನ್ನು ಬಗೆಯಬೇಕು. ಭಾರವು ಅಚ್ಚಿಗಿಂತ ಬಹಳ ಮುಂದೆ ಬಿದ್ದರೆ ನೊಗವು ಎತ್ತುಗಳ ಹೆಗಲನ್ನು ಒತ್ತಿ ಕೆಲವೇ ಹರದಾರಿಯಲ್ಲಿ ಹುಣ್ಣು ಮಾಡುವುದು. ಹಿಂದೆ ಬಿದ್ದರೆ ಮೂಕಿ ಮೇಲೆದ್ದು, ನೊಗಕ್ಕೆ ಬಿಗಿದ ಜತ್ತಿಗೆಯು ಕೊರಳನ್ನು ಅವುಚಿ ಎತ್ತಿಗೆ ಉಸಿರು ಕಟ್ಟುವುದು. ಭಾರದ ಕೇಂದ್ರವು ಅಚ್ಚಿನಿಂದ ತುಸುವೇ ಮುಂದಿದ್ದು, ನೊಗವು ಹೆಗಲ ಮೇಲೆ ಕುಳಿತಿದೆಯೆಂಬಷ್ಟು ಮಾತ್ರ ತೂಕವನ್ನು ಕೊಡುವುದೇ ಹದ. ಇದನ್ನು ಪರೀಕ್ಷಿಸಲು ಹಿರಿಯರು ಊರುಗೋಲನ್ನು ಸರಿಸಿ ಮೂಕಿಯನ್ನು ಕೈಯಿಂದ ಎತ್ತಿ ನೋಡುವರು. ಒಬ್ಬಾಳು ಹೆಚ್ಚು ತಿಣುಕದೆ ಎತ್ತಿದರೆ ಸರಿ, ಇಬ್ಬರು ಬೇಕಾದರೆ ಮುಂಭಾರ, ತಾನಾಗಿಯೇ ಎದ್ದರೆ ಹಿಂಭಾರ. “ಮುಂದ ಭಾರ ಆಗೇತಿ ನೋಡಪಾ, ಜ್ವಾಳದ ಚೀಲಾ ಒಂಚೂರು ಹಿಂದಕ ಸರಸು” ಎಂಬ ಒಂದು ಮಾತಿನಲ್ಲಿ ಅಲ್ಲಿನ ಯಂತ್ರಶಾಸ್ತ್ರವೆಲ್ಲ ಅಡಕವಾಗಿದೆ. ನಾಲ್ಕು ಗಾಲಿಯ ಪಿಕಪ್ಪಿನಲ್ಲಿಯೂ ಕೋಣೆಯ ಗುರುತ್ವಕೇಂದ್ರವು ಹಿಂದಿನ ಅಚ್ಚಿನ ನೇರಕ್ಕೆ ಅಥವಾ ಅದಕ್ಕಿಂತ ಕೊಂಚ ಮುಂದೆ ಬೀಳಬೇಕೆಂಬುದೇ ನಿಯಮ. ಹಿಂದೆ ಬಿದ್ದರೆ ಮುಂದಿನ ಗಾಲಿಗಳು ಹಗುರಾಗಿ, ತಿರುಗಿಸಿದ ಕಡೆಗೆ ವಾಹನವು ತಿರುಗಲೊಲ್ಲದು.

ಏರು ಇಳಿಜಾರುಗಳಲ್ಲಿ ಮತ್ತೊಂದು ಸೂಕ್ಷ್ಮವಿದೆ. ಹೊರೆಯು ಎತ್ತರವಾದಷ್ಟೂ ಏರಿನಲ್ಲಿ ಅದರ ಭಾರ ಹಿಂದಕ್ಕೂ ಇಳಿಜಾರಿನಲ್ಲಿ ಮುಂದಕ್ಕೂ ಓಡುವುದು. ಕೊಲ್ಲಾರಿಯೊಳಗೆ ಕುಳಿತ ಅಜ್ಜಿಯೂ ಮೊಮ್ಮಕ್ಕಳೂ ಗುಡ್ಡ ಹತ್ತುವಾಗ ಮುಂದಕ್ಕೆ ಸರಿದು, ಇಳಿಯುವಾಗ ಹಿಂದಕ್ಕೆ ಜರುಗಿ ಕೂರುವುದು ಈ ಕಾರಣದಿಂದಲೇ. ಬುತ್ತಿಗಂಟು, ನೀರಿನ ಕೊಡ, ಧಾನ್ಯದ ಚೀಲಗಳು ಕೆಳಗೆ ಅಚ್ಚಿನ ಹತ್ತಿರ. ಕಮಾನಿಗೆ ನೇತುಹಾಕುವುದು ಬಟ್ಟೆಯಂತಹ ಹಗುರಾದ ವಸ್ತು ಮಾತ್ರ.

ಬಂಡಿಯೇ ಗಟ್ಟಿಯಿಲ್ಲದಿದ್ದರೆ ತೂಕದ ಜಾಣ್ಮೆಯಿಂದ ಪ್ರಯೋಜನವಿಲ್ಲ. ಬಡಿಗೇರರು ಗಾಲಿಗೆ ಜಾಲಿಯ ಕಟ್ಟಿಗೆಯನ್ನು ಮೆಚ್ಚುವರು. ಕಮ್ಮಾರರು ಕಬ್ಬಿಣದ ಹಳಿಯನ್ನು ಕೆಂಪಗೆ ಕಾಸಿ ಗಾಲಿಗೆ ತೊಡಿಸಿ, ಒಡನೆಯೇ ನೀರೆರೆದು ಕುಗ್ಗಿಸಿ, ಗುಂಭವನ್ನೂ ಅರಗಳನ್ನೂ ಒಂದಾಗಿ ಬಿಗಿಯುವರು. ಪಯಣದ ಮುನ್ನಾದಿನ ಕೀಲೆಣ್ಣೆ ಹಾಕಿ, ಗಾಲಿ ಕಳಚದಂತೆ ಹಿಡಿದಿರುವ ಕಡೆಗೀಲನ್ನು ಬಡಿದು ನೋಡುವುದು ಕಡ್ಡಾಯ. ಜೇಡರ ದಾಸಿಮಯ್ಯನು ಶರಣರ ನುಡಿಯ ಹಿರಿಮೆಯನ್ನು ಹೇಳಲು ಹುಡುಕಿದ ಉಪಮಾನವೂ ಈ ಬೆರಳುದ್ದದ ಕಬ್ಬಿಣವೇ.

ಈಗ ಚಕ್ಕಡಿಗಳು ವಿರಳವಾಗಿವೆ. ಟ್ರ್ಯಾಕ್ಟರಿನ ಟ್ರೇಲರು, 2005ರಲ್ಲಿ ಬಂದ ಟಾಟಾ ಏಸ್, ಬೊಲೆರೊ ಪಿಕಪ್ಪುಗಳ ಮೇಲೆ ಕಬ್ಬಿಣದ ಕೊಳವೆಗಳನ್ನು ಬಾಗಿಸಿ, ತಾಡಪತ್ರಿ ಹೊದಿಸಿ, ಕೆಲವೆಡೆ ಹಲಗೆಯಿಂದ ಎರಡನೆಯ ಅಂತಸ್ತನ್ನೇ ನಿರ್ಮಿಸಿ ಜಾತ್ರೆಗೆ ನಡೆಯುವರು. ಸರಕಿನ ವಾಹನದಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧವೆಂಬುದು ಒತ್ತಟ್ಟಿಗಿರಲಿ. ನನಗೆ ಅದಕ್ಕಿಂತ ಆತಂಕಕರವಾಗಿ ತೋರುವುದು, ಕೊಲ್ಲಾರಿಯ ಆಕೃತಿ ಮಾತ್ರ ಪಿಕಪ್ಪಿಗೆ ದಾಟಿ ಬಂದು ಅದರ ವಿದ್ಯೆ ಅಂಗಳದಲ್ಲಿಯೇ ಉಳಿದುಹೋದದ್ದು. ಗಂಟೆಗೆ ಮೂರು ನಾಲ್ಕು ಕಿಲೋಮೀಟರು ನಡೆಯುವ ಎತ್ತು ಭಾರ ತಪ್ಪಿದೊಡನೆ ತಲೆ ಕೊಡವಿ, ನಿಂತು, ಮಲಗಿ ತನ್ನ ಆಕ್ಷೇಪವನ್ನು ಸೂಚಿಸುವುದು. ಅದಕ್ಕಿಂತ ಹತ್ತಾರು ಪಟ್ಟು ವೇಗದಿಂದ ಓಡುವ ವಾಹನದ ಸ್ಪ್ರಿಂಗುಪಟ್ಟಿಗಳು ಬಾಗುವಷ್ಟು ಬಾಗಿ, ತಿರುವಿನವರೆಗೆ ಮೌನವಾಗಿರುವುವು. ಮೂಕಿಯನ್ನೆತ್ತಿ ನೋಡುವ ಪರೀಕ್ಷೆಗೆ ಬದಲಾಗಿ ಇಲ್ಲಿ ಎಪಿಎಂಸಿಯ ಬಳಿ ಸಿಗುವ ತೂಕದ ಕಾಟಾ ಇದೆ. ಮುಂದಿನ ಗಾಲಿಗಳನ್ನು ಮಾತ್ರ ಅದರ ಮೇಲೆ ನಿಲ್ಲಿಸಿ ತೂಗಿ, ಆಮೇಲೆ ಇಡಿಯ ವಾಹನವನ್ನು ತೂಗಿದರೆ ಯಾವ ಅಚ್ಚಿನ ಮೇಲೆಷ್ಟು ಭಾರವೆಂಬುದು ತಿಳಿಯುವುದು. ಹತ್ತಿಯನ್ನೂ ಶೇಂಗಾವನ್ನೂ ತೂಗಿಸಲು ವರ್ಷವರ್ಷವೂ ಅಲ್ಲಿಗೆ ಹೋಗುವ ರೈತನು ತನ್ನ ಕುಟುಂಬವನ್ನು ತುಂಬಿದ ಬಂಡಿಯನ್ನು ಅದರ ಮೇಲೇಕೆ ಹತ್ತಿಸಬಾರದು?

ಹೊರಟ ಮೇಲೂ ಕೆಲಸ ಮುಗಿಯದು. ಹೊಸದಾಗಿ ಬಿಗಿದ ಹಗ್ಗವು ಒಂದೆರಡು ಹರದಾರಿ ಅಲುಗಿದೊಡನೆ ಸಡಿಲವಾಗುವುದರಿಂದ ಮೊದಲ ತಂಗುದಾಣದಲ್ಲಿ ಅದನ್ನು ಮರಳಿ ಬಿಗಿಯಬೇಕು. ಕ್ಯಾಂಪರಿನವರೂ ಕೆಲವು ಮೈಲಿ ಓಡಿಸಿ ನಿಲ್ಲಿಸಿ ಬಂಧಗಳನ್ನು ಹಾಗೆಯೇ ಪರೀಕ್ಷಿಸುವರು. ದಾರಿಯುದ್ದಕ್ಕೂ ಎತ್ತುಗಳು ಕಣಿಕೆಯನ್ನು ಮೇಯುತ್ತ ಬರುವುದರಿಂದ ಹಾಸು ತೆಳುವಾಗಿ, ಬುತ್ತಿ ಕರಗಿ, ಕೊಡಗಳು ಬರಿದಾಗಿ, ಹೊರಡುವಾಗಿನ ಹದವು ಮರಳುವಾಗ ಉಳಿದಿರುವುದಿಲ್ಲ. ಅದರ ಮೇಲೆ ಜಾತ್ರೆಯಲ್ಲಿ ಕೊಂಡ ಪಾತ್ರೆಪಗಡಗಳನ್ನು ಹೆಂಗಸರು ಎಲ್ಲಿಡುವರೆಂದರೆ, ಬಂಡಿ ಹೊಡೆಯುವವನ ಕಣ್ಣಿಗೆ ಬೀಳದ ಹಿಂದಿನ ಮೂಲೆಯಲ್ಲಿ. ಆದುದರಿಂದ ತಿಳಿದ ಹಿರಿಯನು ಹಿಂದಿರುಗುವ ದಿವಸ ಗಂಟುಗಳನ್ನೆಲ್ಲ ಇಳಿಸಿ ಮತ್ತೆ ತುಂಬಿಸುವನು.