ಜೋಳದ ಬೀಜದ ಆಯ್ಕೆಯೂ ಹಿಸ್ಟೋನ್ ಪ್ರೋಟೀನುಗಳೂ

ಸವಡಿ ಮೊದಲಾದ ರೋಣ ಸೀಮೆಯ ಎರೆಭೂಮಿಯ ಗ್ರಾಮಗಳಲ್ಲಿ ಹಿಂಗಾರಿ ಜೋಳದ ಬೀಜವನ್ನು ಮನೆಯ ಬೆಳೆಯಿಂದಲೇ ಆಯ್ದಿಡುವ ಪದ್ಧತಿಯು ಹಿಂದಿನಿಂದ ನಡೆದುಬಂದಿದೆ. ಒಡ್ಡಿನ ಮಗ್ಗುಲಲ್ಲಿ ಹಸಿ ಹೆಚ್ಚಾಗಿರುವ ಸ್ಥಳದ ತೆನೆಗಳು ದಪ್ಪನಾಗಿ ಕಾಣುವುದರಿಂದ, ಅವುಗಳನ್ನೇ ಬೀಜಕ್ಕೆ ತೆಗೆದಿಡಬೇಕೆಂದು ತೋರುವುದು ಸಹಜವಾಗಿದೆ. ಇದು ಲಾಭಕರವೋ ಅಲ್ಲವೋ ಎಂಬುದನ್ನು ನಿರ್ಣಯಿಸಬೇಕಾದರೆ, ಸಸ್ಯದ ಜೀವಕೋಶದೊಳಗಿನ ವ್ಯವಸ್ಥೆಯನ್ನು ಸ್ವಲ್ಪಮಟ್ಟಿಗೆ ಅರಿಯುವುದು ಅವಶ್ಯ.

ಜೋಳದ ಬೇರು, ದಂಟು, ಎಲೆಗಳು ಅತಿ ಸೂಕ್ಷ್ಮವಾದ ಕೋಶಗಳಿಂದಾಗಿವೆ. ಪ್ರತಿ ಕೋಶದ ಕೇಂದ್ರದಲ್ಲಿ ಸಾಮಾನ್ಯವಾಗಿ 20 ವರ್ಣತಂತುಗಳಿದ್ದು, ಅವುಗಳಲ್ಲಿ ಡಿ.ಎನ್.ಎ. ಎಂಬ ಎಳೆಯು ಅಡಕವಾಗಿರುತ್ತದೆ. ತಳಿಯ ಗುಣಗಳು ಈ ಎಳೆಯಲ್ಲಿಯೇ ನೆಲೆಸಿರುವವು. ಒಂದು ಕೋಶದ ಎಳೆಗಳನ್ನು ಜೋಡಿಸಿ ಚಾಚಿದರೆ ಸುಮಾರು ಒಂದು ಮೊಳ ಉದ್ದವಾಗುವುದು. ಇಷ್ಟು ಉದ್ದದ ಎಳೆಯನ್ನು ಕಣ್ಣಿಗೆ ಕಾಣದಷ್ಟು ಚಿಕ್ಕ ಕೇಂದ್ರದೊಳಗೆ ಸುತ್ತಿಡುವವು ಹಿಸ್ಟೋನ್‌ಗಳೆಂಬ ಪ್ರೋಟೀನುಗಳು. ಇವುಗಳನ್ನು 1884ರಲ್ಲಿ ಜರ್ಮನಿಯ ಆಲ್‌ಬ್ರೆಕ್ಟ್ ಕೊಸೆಲ್ ಎಂಬ ವಿಜ್ಞಾನಿಯು ಕಂಡುಹಿಡಿದನು. ಎಂಟು ಹಿಸ್ಟೋನ್‌ಗಳು ಕೂಡಿ ಒಂದು ಉಂಡೆಯಾಗಲು, ಅದರ ಸುತ್ತ ಎಳೆಯು ಎರಡು ಸುತ್ತಿಗೆ ತುಸು ಕಡಿಮೆಯಾಗಿ ಸುತ್ತಿಕೊಳ್ಳುತ್ತದೆ. ಎಳೆ ಮತ್ತು ಪ್ರೋಟೀನುಗಳ ಈ ಕೂಟಕ್ಕೆ ಕ್ರೊಮ್ಯಾಟಿನ್ ಎಂದು ಹೆಸರು. ಬಟಾಣಿಯ ಸಸಿಯಲ್ಲಿಯೂ ಆಕಳ ಕರುವಿನಲ್ಲಿಯೂ ಇರುವ ಒಂದು ಬಗೆಯ ಹಿಸ್ಟೋನನ್ನು 1969ರಲ್ಲಿ ಹೋಲಿಸಿ ನೋಡಲಾಗಿ, ಅದರ 102 ಘಟಕಗಳಲ್ಲಿ ಎರಡು ಮಾತ್ರ ಭಿನ್ನವಾಗಿದ್ದವು. ಸಸ್ಯಕ್ಕೂ ಪಶುವಿಗೂ ಈ ವ್ಯವಸ್ಥೆಯು ಎಷ್ಟು ಮೂಲಭೂತವೆಂಬುದು ಇದರಿಂದ ವಿದಿತವಾಗುವುದು.

ಚಾವಡಿಯ ದಪ್ತರದಲ್ಲಿ ಊರಿನ ಎಲ್ಲ ಹೊಲಗಳ ಕಾಗದಪತ್ರಗಳು ಕಟ್ಟುಗಳಾಗಿ ಇರುತ್ತಿದ್ದವು. ಬೇಕಾದ ಕಟ್ಟನ್ನು ಮಾತ್ರ ಬಿಚ್ಚಿ ಓದುತ್ತಿದ್ದರು. ಕೋಶದ ರೀತಿಯೂ ಹೀಗೆಯೇ. ಬೇರಿನಲ್ಲಿಯೂ ಕಾಳಿನಲ್ಲಿಯೂ ಇರುವ ಬರಹವು ಒಂದೇ. ಆದರೆ ಕಾಳಿನಲ್ಲಿ ಕ್ಯಾಫಿರಿನ್ ಎಂಬ ಆಹಾರಾಂಶವನ್ನು ಸಂಗ್ರಹಿಸುವ ಭಾಗವು ಬಿಚ್ಚಿರುತ್ತದೆ, ಬೇರಿನಲ್ಲಿ ಅದು ಕಟ್ಟಿರುತ್ತದೆ. ಹಿಸ್ಟೋನ್‌ಗಳಿಗೆ ಸಣ್ಣ ರಾಸಾಯನಿಕ ಗುರುತುಗಳು ಅಂಟಿದಾಗ ಅಥವಾ ಕಳಚಿದಾಗ ಕಟ್ಟು ಸಡಿಲುವುದು ಇಲ್ಲವೆ ಬಿಗಿಯುವುದು. ಭೂಮಿಯ ಹಸಿ ಆರಿದಾಗ ಬರವನ್ನು ತಾಳಿಕೊಳ್ಳಲು ಬೇಕಾದ ಭಾಗಗಳು ಸಡಿಲುತ್ತವೆ; ನೀರು ದೊರೆತ ಮೇಲೆ ಬಹುಮಟ್ಟಿಗೆ ಮೊದಲಿನ ಸ್ಥಿತಿಗೆ ಬರುತ್ತವೆ.

ಇದರಿಂದ ತಿಳಿಯತಕ್ಕ ಮುಖ್ಯ ಸಂಗತಿಯೇನೆಂದರೆ, ನೀರು ಗೊಬ್ಬರಗಳು ಯಾವ ಕಟ್ಟು ಬಿಚ್ಚಬೇಕೆಂಬುದನ್ನು ಬದಲಿಸುತ್ತವೆಯೇ ಹೊರತು ಬರಹವನ್ನು ತಿದ್ದುವುದಿಲ್ಲ. ಕೆಲವು ಗುರುತುಗಳು ಮುಂದಿನ ಪೀಳಿಗೆಗೆ ದಾಟುವುದುಂಟಾದರೂ ಅದನ್ನು ನೆಚ್ಚಿ ಬೀಜವನ್ನು ಆಯುವುದು ಯುಕ್ತವಲ್ಲ. ಒಡ್ಡಿನ ಹಸಿಯಿಂದ ದಪ್ಪನಾದ ತೆನೆಯ ಬೀಜವು ಒಣಹೊಲದಲ್ಲಿ ಅದೇ ಫಲವನ್ನು ಕೊಡುವುದೆಂಬ ಭರವಸೆಯಿಲ್ಲ. ಉತ್ತರ ಕರ್ನಾಟಕದಲ್ಲಿ ಪ್ರಸಿದ್ಧವಾದ ಎಂ.35-1 ಜೋಳವು ಮಾಲದಂಡಿಯೆಂಬ ನಾಡತಳಿಯೊಳಗಿನಿಂದ ಆಯ್ದದ್ದು. ಅದರ ಗುಣವು ಬರಹದಲ್ಲಿಯೇ ಇದ್ದುದರಿಂದ ವರ್ಷವರ್ಷವೂ ಉಳಿದು ಬಂದಿತು.

ಆದಕಾರಣ ಬೀಜದ ತೆನೆಗಳನ್ನು ಹೊಲದ ನಡುಭಾಗದಲ್ಲಿ, ಸುತ್ತಲಿನ ಗಿಡಗಳಿಗೆ ಸಮನಾದ ನೆಲವೂ ಹಸಿಯೂ ಇರುವಲ್ಲಿ, ನೆರೆಯವುಗಳಿಗಿಂತ ಉತ್ತಮವಾದ ನಿರೋಗಿ ಗಿಡಗಳಿಂದ ಆಯತಕ್ಕದ್ದು. ಒಡ್ಡಿನ ಅಂಚು, ತಗ್ಗು, ತಿಪ್ಪೆಯ ಜಾಗ ಇವುಗಳನ್ನು ಬಿಡತಕ್ಕದ್ದು. ಆಯ್ದ ಬೀಜವನ್ನು ಚೆನ್ನಾಗಿ ಒಣಗಿಸಿ ಬೇರೆಯಾಗಿ ಇಡಬೇಕು. ಸಂಕರ ಬೀಜದ ಬೆಳೆಗೆ ಈ ಕ್ರಮವು ಸಲ್ಲದು. ಅದರ ಸಂತತಿಯಲ್ಲಿ ಗುಣಗಳು ಒಡೆದು ಬೇರೆಯಾಗುವುದರಿಂದ ಪ್ರತಿ ವರ್ಷ ಹೊಸ ಬೀಜವನ್ನೇ ಕೊಳ್ಳಬೇಕಾಗುವುದು. ಗ್ರಾಮದ ಹಿರಿಯರು ಸುಗ್ಗಿಗೆ ಮೊದಲೇ ಈ ವಿಷಯವನ್ನು ಒಕ್ಕಲಿಗರಿಗೆ ಮನಗಾಣಿಸಿದಲ್ಲಿ ಊರಿನ ಬೀಜವು ಕೆಡದೆ ಉಳಿಯುವುದು.