ಹಳೆಯ ಟ್ಯಾಬ್ಲೆಟ್ಟಿಗೆ ಹೊಸ ಕೆಲಸ

ಸುಗ್ಗಿ ಮುಗಿದು ಕಾಳು ಮನೆ ಸೇರಿದ ಮೇಲೆ ನೀವು ನಿಮ್ಮ ಸಲಕರಣೆಗಳನ್ನು ಒಮ್ಮೆ ನೋಡಿಕೊಳ್ಳುತ್ತೀರಿ. ಸವೆದ ಕುಳವನ್ನು ಕುಲುಮೆಗೆ ಕೊಟ್ಟು ತಟ್ಟಿಸುತ್ತೀರಿ. ಸಡಿಲವಾದ ಹಿಡಿಗೆ ಬೆಣೆ ಹೊಡೆಯುತ್ತೀರಿ. ನೇಗಿಲು ಎಳೆಯುವ ಶಕ್ತಿ ಕುಗ್ಗಿದ ಎತ್ತಿಗೆ ಹಗುರವಾದ ಕೆಲಸ ಕೊಡುತ್ತೀರಿ. ಆದರೆ ಮನೆಯಲ್ಲಿರುವ ಒಂದು ಸಲಕರಣೆಯ ಕಡೆಗೆ ಮಾತ್ರ ಯಾರ ಗಮನವೂ ಹೋಗುವುದಿಲ್ಲ. ಅದು ಬೀರುವಿನ ಮೂಲೆಯಲ್ಲಿ ಧೂಳು ಹಿಡಿಯುತ್ತಿರುವ ಹಳೆಯ ಟ್ಯಾಬ್ಲೆಟ್.

2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದಾಗ ಮಕ್ಕಳ ಪಾಠಕ್ಕೆಂದು ಅನೇಕ ರೈತ ಕುಟುಂಬಗಳು ಸಾಲ ಮಾಡಿಯಾದರೂ ಫೋನು, ಟ್ಯಾಬ್ಲೆಟ್ಟುಗಳನ್ನು ಕೊಂಡವು. 2021ರಲ್ಲಿ ರಾಜ್ಯ ಸರ್ಕಾರವು ಸರ್ಕಾರಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ಟುಗಳನ್ನು ಹಂಚಿತು. ಆ ಮಕ್ಕಳ ಓದು ಈಗ ಮುಗಿದಿದೆ. ಟ್ಯಾಬ್ಲೆಟ್ ಮನೆಯಲ್ಲಿಯೇ ಉಳಿದಿದೆ.

ಇಂತಹ ಟ್ಯಾಬ್ಲೆಟ್ಟಿಗೆ ಸಾಮಾನ್ಯವಾಗಿ ಎರಡು ಗತಿ. ಒಂದು, ಬೀರುವಿನಲ್ಲಿದ್ದುಕೊಂಡೇ ಬ್ಯಾಟರಿ ಕೆಟ್ಟು ಹೋಗುವುದು. ಎರಡು, ಅಳುವ ಮಗುವನ್ನು ಸುಮ್ಮನಾಗಿಸಲು ಅದರ ಕೈಗೆ ಹೋಗುವುದು. ಮೊದಲನೆಯದರಿಂದ ಒಂದು ವಸ್ತು ಮಾತ್ರ ಹಾಳು. ಎರಡನೆಯದರಿಂದ ಮಗುವಿನ ಗಮನ, ಕೆಲವೊಮ್ಮೆ ಮನೆಯ ಹಣ, ಎರಡೂ ಹಾಳು. ಮೂರನೆಯ ದಾರಿಯೊಂದಿದೆ. ಅದಕ್ಕೆ ಹೊಸದಾಗಿ ಯಾವ ಖರ್ಚೂ ಬೇಕಿಲ್ಲ. ಅರ್ಧ ದಿನದ ಬಿಡುವು ಸಾಕು.

ಹಾಸಿಗೆ ಇದ್ದಷ್ಟು ಕಾಲು ಚಾಚು

ಹಳೆಯ ಟ್ಯಾಬ್ಲೆಟ್ ನಿಧಾನವಾಗುವುದೇಕೆ ಎಂಬುದನ್ನು ಮೊದಲು ತಿಳಿಯಿರಿ. ಅದರ ಯಂತ್ರ ಭಾಗ ಕೊಂಡ ದಿನ ಹೇಗಿತ್ತೋ ಬಹುಮಟ್ಟಿಗೆ ಹಾಗೆಯೇ ಇದೆ. ಆದರೆ ಆಪ್‌ಗಳು ವರ್ಷದಿಂದ ವರ್ಷಕ್ಕೆ ಭಾರವಾಗುತ್ತ ಬಂದಿವೆ. ತಯಾರಕರು ಕೆಲವು ವರ್ಷಗಳ ಅನಂತರ ಹಳೆಯ ಮಾದರಿಗಳಿಗೆ ಸುರಕ್ಷತೆಯ ತಿದ್ದುಪಡಿಗಳನ್ನು ಕಳುಹಿಸುವುದನ್ನು ನಿಲ್ಲಿಸುತ್ತಾರೆ. ಆಪ್‌ಗಳೂ ಒಂದೊಂದಾಗಿ ಕೈಬಿಡುತ್ತವೆ. ಉದಾಹರಣೆಗೆ, 2025ರ ಜನವರಿ 1ರಿಂದ ಆಂಡ್ರಾಯ್ಡ್ 4.4 ಇರುವ ಸಾಧನಗಳಲ್ಲಿ ವಾಟ್ಸಾಪ್ ನಿಂತು ಹೋಯಿತು.

ಆದುದರಿಂದ ಬ್ಯಾಂಕು, ಹಣ ಪಾವತಿ, ವಾಟ್ಸಾಪ್, ಹವಾಮಾನ ಮುನ್ಸೂಚನೆ ಇವೆಲ್ಲ ನಿಮ್ಮ ಫೋನಿನಲ್ಲಿಯೇ ಇರಲಿ. ಹಳೆಯ ಟ್ಯಾಬ್ಲೆಟ್ಟಿಗೆ ಅಂತರ್ಜಾಲ ಬೇಡದ, ಹಗುರವಾದ ನಾಲ್ಕೈದು ಕೆಲಸಗಳನ್ನು ಮಾತ್ರ ಕೊಡಿ. ಅಂತಹ ಕೆಲಸಗಳನ್ನು ಅದು ಇನ್ನೂ ಹಲವು ವರ್ಷ ಚೆನ್ನಾಗಿ ಮಾಡಬಲ್ಲದು.

ಮೊದಲು ಬ್ಯಾಟರಿ ಪರೀಕ್ಷೆ

ಟ್ಯಾಬ್ಲೆಟ್ಟನ್ನು ಸಮತಟ್ಟಾದ ಹಲಗೆಯ ಮೇಲೆ ಇಟ್ಟು ನೋಡಿ. ಹಿಂಭಾಗ ಉಬ್ಬಿ ಅದು ಅಲ್ಲಾಡಿದರೆ, ಅಥವಾ ಗಾಜು ಅಂಚಿನಿಂದ ಮೇಲೆದ್ದಿದ್ದರೆ, ಒಳಗಿನ ಲೀಥಿಯಂ ಬ್ಯಾಟರಿ ಊದಿಕೊಂಡಿದೆ ಎಂದು ತಿಳಿಯಬೇಕು. ಅದನ್ನು ಚಾರ್ಜ್ ಮಾಡಬಾರದು, ಒತ್ತಬಾರದು, ಚುಚ್ಚಬಾರದು. ಅಂತಹ ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳುವ ಸಂಭವವಿದೆ. ಆ ಟ್ಯಾಬ್ಲೆಟ್ಟಿನ ಆಸೆ ಬಿಟ್ಟು, ಇ-ತ್ಯಾಜ್ಯ ಸಂಗ್ರಹಿಸುವ ಅಧಿಕೃತ ಕೇಂದ್ರಕ್ಕೆ ಅಥವಾ ಅದೇ ಕಂಪನಿಯ ಸೇವಾ ಕೇಂದ್ರಕ್ಕೆ ತಲುಪಿಸಿ. ಒಲೆಗೆ, ತಿಪ್ಪೆಗೆ ಹಾಕಬೇಡಿ.

ಊದಿಲ್ಲದಿದ್ದರೆ ಪೂರ್ತಿ ಚಾರ್ಜ್ ಮಾಡಿ, ಅದರಲ್ಲಿರುವ ಯಾವುದಾದರೂ ವಿಡಿಯೋವನ್ನು ಸಾಧಾರಣ ಬೆಳಕಿನಲ್ಲಿ ಓಡಿಸಿ. ಎರಡು ಗಂಟೆ ನಡೆದರೆ ನಮ್ಮ ಕೆಲಸಕ್ಕೆ ಸಾಕು. ಮುಂದೆ ಚಾರ್ಜನ್ನು ಶೇಕಡ 20ರಿಂದ 80ರ ನಡುವೆ ಇಟ್ಟುಕೊಂಡರೆ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ. ಬಹಳ ದಿನ ಉಪಯೋಗಿಸದೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ, ತಂಪಾದ ಜಾಗದಲ್ಲಿ ಇಡಿ. ಚಾರ್ಜ್ ಮಾಡುವಾಗ ಅದು ಕಲ್ಲು ಚಪ್ಪಡಿ ಅಥವಾ ಸಿಮೆಂಟು ನೆಲದ ಮೇಲಿರಲಿ. ಹಾಸಿಗೆ, ಹುಲ್ಲು, ಗೋಣಿಚೀಲಗಳ ಹತ್ತಿರ ಬೇಡ. ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗುವ ಅಭ್ಯಾಸವನ್ನು ಬಿಡಿ.

ಕಳೆ ಕಿತ್ತು ಹದ ಮಾಡುವುದು

ಬಿತ್ತುವ ಮುನ್ನ ಹೊಲವನ್ನು ಹಸನು ಮಾಡುವಂತೆ ಟ್ಯಾಬ್ಲೆಟ್ಟನ್ನೂ ಬರಿದು ಮಾಡಿಕೊಳ್ಳಬೇಕು. ಕ್ರಮ ಹೀಗಿದೆ:

1. ಬೇಕಾದ ಚಿತ್ರ, ಕಡತಗಳನ್ನು ಮೆಮೊರಿ ಕಾರ್ಡಿಗೆ ಅಥವಾ ಬೇರೆ ಕಂಪ್ಯೂಟರಿಗೆ ಪ್ರತಿ ಮಾಡಿಕೊಳ್ಳಿ. ಕಾರ್ಡನ್ನು ಹೊರಗೆ ತೆಗೆದಿಡಿ.

2. ಸೆಟ್ಟಿಂಗ್ಸ್‌ನಲ್ಲಿ ಹಳೆಯ ಗೂಗಲ್ ಖಾತೆಯನ್ನು ಮೊದಲು ತೆಗೆದುಹಾಕಿ. ಈ ಹೆಜ್ಜೆಯನ್ನು ಮರೆಯಬೇಡಿ. 2015ರಲ್ಲಿ ಬಂದ ಆಂಡ್ರಾಯ್ಡ್ 5.1ರಿಂದೀಚೆಗಿನ ಸಾಧನಗಳಲ್ಲಿ, ಖಾತೆ ಹಾಗೆಯೇ ಇರುವಾಗ ಅಳಿಸಿದರೆ ಮತ್ತೆ ತೆರೆಯಲು ಆ ಖಾತೆಯ ಗುಪ್ತಪದವನ್ನೇ ಕೇಳುವ ಸಾಧ್ಯತೆಯಿದೆ. ಗುಪ್ತಪದ ಮರೆತಿದ್ದರೆ ಟ್ಯಾಬ್ಲೆಟ್ ಬರೀ ಗಾಜಿನ ಹಲಗೆ.

3. ಅನಂತರ ಫ್ಯಾಕ್ಟರಿ ರಿಸೆಟ್ ಮಾಡಿ. ಇದರಿಂದ ಅದು ಹೊಸದಾಗಿ ಬಂದ ದಿನದ ಸ್ಥಿತಿಗೆ ಮರಳುತ್ತದೆ.

4. ದಿನಾಂಕ ಮತ್ತು ವೇಳೆ ಸರಿಯಾಗಿದೆಯೇ ನೋಡಿ. ಇದರ ಉಪಯೋಗ ಮುಂದೆ ತಿಳಿಯುವುದು.

5. ಬೇಕಾದ ಆಪ್‌ಗಳನ್ನು ಹಾಕಿಕೊಂಡ ಮೇಲೆ ಏರ್‌ಪ್ಲೇನ್ ಮೋಡ್ ಹಾಕಿಬಿಡಿ. ಅಂತರ್ಜಾಲದ ಸಂಪರ್ಕ ಕಡಿದರೆ ಜಾಹೀರಾತಿಗೂ ವಂಚಕನಿಗೂ ಬಾಗಿಲು ಮುಚ್ಚಿದಂತೆ. ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ.

ಪ್ಲೇ ಸ್ಟೋರಿನಲ್ಲಿ ಕೆಲವು ಆಪ್‌ಗಳು ನಿಮ್ಮ ಸಾಧನಕ್ಕೆ ಹೊಂದುವುದಿಲ್ಲ ಎಂದು ಬರಬಹುದು. ಆಗ ಎಫ್-ಡ್ರಾಯ್ಡ್ ಎಂಬ ಉಚಿತ ಸಂಗ್ರಹವನ್ನು ನೋಡಬಹುದು. ಇದು 2010ರಲ್ಲಿ ಆರಂಭವಾದುದು. ಮುಕ್ತ ತಂತ್ರಾಂಶಗಳನ್ನು ಮಾತ್ರ ಇಡುತ್ತದೆ. ಅನೇಕ ಆಪ್‌ಗಳ ಹಳೆಯ ಆವೃತ್ತಿಗಳೂ ಅಲ್ಲಿ ಸಿಗುತ್ತವೆ. ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು.

ಒಳ್ಳೆಯ ಆಟದ ಲಕ್ಷಣಗಳು

ಬೀಜವನ್ನು ಆರಿಸುವಂತೆ ಆಟವನ್ನೂ ಆರಿಸಬೇಕು. ಐದು ಗುಣಗಳನ್ನು ನೋಡಿ: ಅಂತರ್ಜಾಲವಿಲ್ಲದೆ ನಡೆಯಬೇಕು, ಜಾಹೀರಾತು ತೋರಿಸಬಾರದು, ಹಣ ಕೇಳಬಾರದು, ಆಟಕ್ಕೊಂದು ಮುಕ್ತಾಯವಿರಬೇಕು, ಆಡಿದ ಮೇಲೆ ಬುದ್ಧಿಗೆ ಏನಾದರೂ ದಕ್ಕಬೇಕು ಅಥವಾ ಇಬ್ಬರು ಎದುರುಬದುರು ಕುಳಿತು ಮಾತನಾಡುವಂತಿರಬೇಕು. ಮುಕ್ತಾಯವಿಲ್ಲದ ಆಟಗಳನ್ನು ಮತ್ತೆ ಮತ್ತೆ ಆಡಿಸುವುದಕ್ಕೆಂದೇ ಕಟ್ಟಿರುತ್ತಾರೆ. ಅವು ಕಳೆಯಂತೆ, ಹೊತ್ತನ್ನೆಲ್ಲ ಹೀರುತ್ತವೆ, ಕಾಳು ಕೊಡುವುದಿಲ್ಲ.

ಈ ಪರೀಕ್ಷೆಯಲ್ಲಿ ಗೆಲ್ಲುವ ಕೆಲವು ಆಟಗಳು ಇಲ್ಲಿವೆ.

ಚದುರಂಗ: ಡ್ರಾಯ್ಡ್‌ಫಿಶ್ ಎಂಬ ಉಚಿತ ಆಪ್ ಅಂತರ್ಜಾಲವಿಲ್ಲದೆ ನಡೆಯುತ್ತದೆ. ಎದುರಾಳಿಯ ಬಲವನ್ನು ತಗ್ಗಿಸಿಕೊಂಡು ಕಲಿಯುವವರೂ ಆಡಬಹುದು. ಟ್ಯಾಬ್ಲೆಟ್ಟನ್ನು ಜಗಲಿಯ ಮೇಲೆ ಮಲಗಿಸಿ ಅಜ್ಜ ಮೊಮ್ಮಗ ಇಬ್ಬರೂ ಆಡಬಹುದು. ಈ ಆಟ ನಮ್ಮ ನಾಡಿನಿಂದಲೇ ಹೊರಟು ಪರ್ಷಿಯದ ಮೂಲಕ ಲೋಕಕ್ಕೆಲ್ಲ ಹರಡಿತು. 2024ರ ಡಿಸೆಂಬರಿನಲ್ಲಿ ಚೆನ್ನೈನ ಡಿ. ಗುಕೇಶ್ 18ನೆಯ ವಯಸ್ಸಿಗೇ ವಿಶ್ವ ಚಾಂಪಿಯನ್ ಆದರು.

ಸೈಮನ್ ಟಾಥಮ್ ಅವರ ಒಗಟುಗಳು: ಇಂಗ್ಲೆಂಡಿನ ಈ ಪ್ರೋಗ್ರಾಮರ್ ಬರೆದು ಉಚಿತವಾಗಿ ಕೊಟ್ಟಿರುವ ಸಂಗ್ರಹದಲ್ಲಿ ಸುಮಾರು 40 ಬಗೆಯ ಒಗಟುಗಳಿವೆ. ಗಾತ್ರ ಕೆಲವೇ ಎಂಬಿ. ಜಾಹೀರಾತು ಇಲ್ಲ. ಪ್ರತಿ ಸಲವೂ ಯಂತ್ರವೇ ಹೊಸ ಒಗಟನ್ನು ಹೆಣೆದು ಕೊಡುವುದರಿಂದ ಮುಗಿಯಿತು ಎಂಬುದಿಲ್ಲ. ಆದರೆ ಒಂದೊಂದು ಒಗಟಿಗೂ ಮುಕ್ತಾಯವಿದೆ. ಇದರಲ್ಲಿ ‘ನೆಟ್’ ಎಂಬುದು ನಿಮಗೆ ಬೇಗ ಹಿಡಿಸೀತು. ಚೌಕಗಳಲ್ಲಿ ತಂತಿಯ ತುಂಡುಗಳು ದಿಕ್ಕುತಪ್ಪಿ ಬಿದ್ದಿರುತ್ತವೆ. ಒಂದೊಂದನ್ನೂ ತಿರುಗಿಸಿ, ನಡುವಿನ ಮೂಲದಿಂದ ಎಲ್ಲ ಕೊನೆಗಳಿಗೂ ಸಂಪರ್ಕ ಮುಟ್ಟಿಸಬೇಕು. ಎಲ್ಲಿಯೂ ಸುತ್ತು ಬಳಸಿ ಬಳೆಯಾಗಬಾರದು. ತೊಟ್ಟಿಯಿಂದ ಹನಿ ನೀರಾವರಿಯ ಪೈಪು ಜೋಡಿಸಿದವರಿಗೆ ಇದು ಪರಿಚಿತ ಕೆಲಸವೇ. ‘ಸೋಲೋ’ ಎಂಬುದು ಪತ್ರಿಕೆಗಳಲ್ಲಿ ಬರುವ ಸುಡೊಕು. ‘ಮ್ಯಾಪ್’ ಎಂಬುದರಲ್ಲಿ ನಾಲ್ಕೇ ಬಣ್ಣಗಳಿಂದ, ಅಕ್ಕಪಕ್ಕದ ಭಾಗಗಳಿಗೆ ಒಂದೇ ಬಣ್ಣ ಬಾರದಂತೆ ನಕ್ಷೆಯನ್ನು ತುಂಬಬೇಕು. ಹೆಸರು, ವಿವರಣೆಗಳು ಇಂಗ್ಲಿಷಿನಲ್ಲಿವೆ. ಆದರೆ ಆಡಲು ಓದಬೇಕಾದ್ದು ಹೆಚ್ಚಿಲ್ಲ, ಕೈಯಾಡಿಸಿದರೆ ತಿಳಿಯುತ್ತದೆ.

ಜಿಕಾಂಪ್ರಿ: ಫ್ರಾನ್ಸಿನಲ್ಲಿ 2000ದಲ್ಲಿ ಹುಟ್ಟಿದ, ಚಿಕ್ಕ ಮಕ್ಕಳಿಗಾಗಿ ಮಾಡಿದ ಉಚಿತ ಸಂಗ್ರಹ. ಎಣಿಕೆ, ಕೂಡುವುದು ಕಳೆಯುವುದು, ಗಡಿಯಾರ ನೋಡುವುದು ಮೊದಲಾದ ನೂರಕ್ಕೂ ಹೆಚ್ಚು ಚಟುವಟಿಕೆಗಳಿವೆ. ತೀರ ಹಳೆಯ ಟ್ಯಾಬ್ಲೆಟ್ಟಿಗೆ ಇದು ಸ್ವಲ್ಪ ಭಾರವಾಗಬಹುದು. ಹಾಕಿ ನೋಡಿ, ತಡವರಿಸಿದರೆ ತೆಗೆಯಿರಿ.

ಆಂಡ್ರಾಯ್ಡ್ 5 ಮತ್ತು ಅದರ ಮುಂದಿನವುಗಳಲ್ಲಿ ಸ್ಕ್ರೀನ್ ಪಿನ್ನಿಂಗ್ ಎಂಬ ಸೌಲಭ್ಯವಿದೆ. ಗುಪ್ತಸಂಖ್ಯೆ ಕೇಳುವಂತೆ ಅದನ್ನು ಹಾಕಿ ಕೊಟ್ಟರೆ ಮಗು ತೆರೆದಿರುವ ಆಟ ಬಿಟ್ಟು ಬೇರೆಡೆಗೆ ಹೋಗಲಾರದು. ಇನ್ನೊಂದು ಮಾತು. ಅಳಗುಳಿಮಣೆ, ಚೌಕಾಬಾರಗಳ ಆಪ್‌ಗಳೂ ಇವೆ. ಆದರೆ ಮನೆಯಲ್ಲಿ ಮಣೆಯೂ ಹುಣಸೆ ಬೀಜವೂ ಇರುವಾಗ ಟ್ಯಾಬ್ಲೆಟ್ ಏಕೆ? ಮಣೆಯಲ್ಲಿಯೇ ಆಡಿ.

ಆಟವಲ್ಲದ ಉಪಯೋಗಗಳು

ಬೆಳೆಯ ದಾಖಲೆ: ಟ್ಯಾಬ್ಲೆಟ್ಟಿನ ಕ್ಯಾಮರಾ ನಿಮ್ಮ ಗುಮಾಸ್ತನಾಗಬಲ್ಲದು. ಬಿತ್ತನೆಯ ದಿನ ಬೀಜದ ಚೀಲದ ಚೀಟಿ, ಗೊಬ್ಬರದ ಚೀಲ, ಔಷಧಿಯ ಡಬ್ಬಿಯ ಮೇಲಿನ ಬ್ಯಾಚ್ ಸಂಖ್ಯೆ ಮತ್ತು ಅಂಗಡಿಯ ರಸೀದಿ, ಇವುಗಳ ಚಿತ್ರ ತೆಗೆದಿಡಿ. ಬೀಜ ಮೊಳೆಯದೆ ಹೋದಾಗ ದೂರು ಕೊಡಲು ಚೀಟಿ, ರಸೀದಿಗಳೇ ಆಧಾರ. ಮೂಲ ಕಾಗದಗಳನ್ನೂ ಜೋಪಾನ ಮಾಡಬೇಕು. ಚಿತ್ರವಿದ್ದರೆ ಇಲಿ ಕಡಿದರೂ ಸಂಖ್ಯೆ ಉಳಿಯುತ್ತದೆ. ಮಣ್ಣು ಆರೋಗ್ಯ ಕಾರ್ಡು, ಪಹಣಿಗಳ ಚಿತ್ರವೂ ಇರಲಿ.

ಗಿಡಕ್ಕೆ ರೋಗ ಬಂದಾಗ ಇಡೀ ಗಿಡ, ಎಲೆಯ ಮೇಲ್ಭಾಗ, ಎಲೆಯ ಕೆಳಭಾಗ ಹೀಗೆ ಮೂರು ಚಿತ್ರ ತೆಗೆದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ. ಬಾಯಿಮಾತಿನ ವಿವರಣೆಗಿಂತ ದೊಡ್ಡ ಪರದೆಯ ಚಿತ್ರ ವಿಜ್ಞಾನಿಗೆ ಹೆಚ್ಚು ಹೇಳುತ್ತದೆ. ಬೆಳೆ ವಿಮೆ ಮಾಡಿಸಿದವರು ಆಲಿಕಲ್ಲು ಮಳೆಯಂತಹ ಸ್ಥಳೀಯ ವಿಕೋಪದ ನಷ್ಟವನ್ನು 72 ಗಂಟೆಗಳೊಳಗೆ ತಿಳಿಸಬೇಕು. ಆಗ ದಿನಾಂಕ ಸರಿಯಾಗಿರುವ ಚಿತ್ರಗಳು ನೆರವಿಗೆ ಬರುತ್ತವೆ. ದಿನಾಂಕ ಸರಿಪಡಿಸಲು ಮೊದಲೇ ಹೇಳಿದ್ದು ಇದಕ್ಕಾಗಿಯೇ.

ಮನೆಯ ಪುಸ್ತಕ ಭಂಡಾರ: ಕಿವಿಕ್ಸ್ ಎಂಬ ಉಚಿತ ಆಪ್ ಮೂಲಕ ಕನ್ನಡ ವಿಕಿಪೀಡಿಯವನ್ನು ಒಮ್ಮೆ ಇಳಿಸಿಕೊಂಡರೆ ಅಂತರ್ಜಾಲವಿಲ್ಲದೆಯೇ ಓದಬಹುದು. ಮಗಳು ಶಾಲೆಯ ಪಾಠಕ್ಕೆ ಹೊಯ್ಸಳರ ವಿಷಯ ಕೇಳಿದರೆ, ಕರೆಂಟು ಹೋದ ರಾತ್ರಿಯಲ್ಲಿಯೂ ಉತ್ತರ ಮನೆಯಲ್ಲಿಯೇ ಇರುತ್ತದೆ. ಕೃಷಿ ವಿಶ್ವವಿದ್ಯಾಲಯಗಳ ಬೇಸಾಯ ಪದ್ಧತಿಗಳ ಪುಸ್ತಕಗಳನ್ನೂ ಇದೇ ರೀತಿ ತುಂಬಿಕೊಳ್ಳಬಹುದು. ಕಣ್ಣು ಮಂಜಾದ ಹಿರಿಯರಿಗೆ ಅಕ್ಷರವನ್ನು ದೊಡ್ಡದು ಮಾಡಿಕೊಡಿ.

ಹಾಡು, ನಾಟಕ: ವಿಎಲ್‌ಸಿ ಎಂಬ ಉಚಿತ ಆಪ್ ಹಳೆಯ ಸಾಧನಗಳಲ್ಲಿಯೂ ನಡೆಯುತ್ತದೆ. ಮೆಮೊರಿ ಕಾರ್ಡಿನಲ್ಲಿರುವ ಯಕ್ಷಗಾನ, ಭಜನೆ, ಮದುವೆಯ ವಿಡಿಯೋ ಇವನ್ನು ಮನೆಮಂದಿಯೆಲ್ಲ ಕುಳಿತು ನೋಡಬಹುದು.

ಎಚ್ಚರಿಕೆಗಳು

ಹಣ ಕಟ್ಟಿ ಆಡುವ ಆಟಗಳನ್ನು ಯಾವ ಕಾರಣಕ್ಕೂ ಹಾಕಿಕೊಳ್ಳಬೇಡಿ. ಮೊದಲ ದಿನ ನೂರು ರೂಪಾಯಿ ಗೆದ್ದವನು ತಿಂಗಳೊಳಗೆ ಬಿತ್ತನೆಯ ಹಣವನ್ನೂ ಕಳೆದುಕೊಳ್ಳಬಹುದು. ಇಂತಹ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಆದರೂ ಕಳ್ಳದಾರಿಯಲ್ಲಿ ಬರುವವು ಬರಬಹುದು. ಕಾಯ್ದೆಗಿಂತ ಹತ್ತಿರದ ಕಾವಲುಗಾರರು ನೀವೇ.

ಪಿಎಂ ಕಿಸಾನ್ ಹೆಸರಿನಲ್ಲಿಯೋ ಬ್ಯಾಂಕಿನ ಹೆಸರಿನಲ್ಲಿಯೋ ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಕಡತಗಳನ್ನು ಫೋನಿನಲ್ಲಾಗಲಿ ಟ್ಯಾಬ್ಲೆಟ್ಟಿನಲ್ಲಾಗಲಿ ಒತ್ತಬೇಡಿ. ಹೀಗೆ ಒತ್ತಿ ಖಾತೆಯ ಹಣ ಕಳೆದುಕೊಂಡವರಿದ್ದಾರೆ. ಮೋಸವಾದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೇಳಿರುವಂತೆ 2 ವರ್ಷದೊಳಗಿನ ಕೂಸುಗಳಿಗೆ ಪರದೆಯೇ ಬೇಡ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ದೊಡ್ಡವರೂ 20 ನಿಮಿಷಕ್ಕೊಮ್ಮೆ ಕಣ್ಣೆತ್ತಿ ದೂರದ ಮರವನ್ನು ನೋಡುವುದು ಕಣ್ಣಿಗೆ ಹಿತ.

ಕೊನೆಯ ಮಾತು

ರೈತ ಬಾಂಧವರೇ, ಆಟವೆಂದರೆ ಕೆಲಸಗೇಡಿತನವೆಂಬ ಭಾವನೆ ನಮ್ಮಲ್ಲಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳನ್ನು ಅಭ್ಯಾಸ ಮಾಡಿ, ಹೊಸ ಆಟಗಳನ್ನೂ ರೂಪಿಸಿದರು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗವು ಆಟಗಳಿಗೇ ಮೀಸಲು. ಚದುರಂಗದ ಕುದುರೆಯು 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿ ಬರುವ ಸಂಚಾರಗಳನ್ನು ಅವರು ರಚಿಸಿದರು. ಕುದುರೆಯ ನಡೆ ಎರಡು ಮನೆ ನೇರ, ಒಂದು ಮನೆ ಅಡ್ಡ. ಈ ಬೇಸಿಗೆಯಲ್ಲಿ ಮಕ್ಕಳೊಡನೆ ಕುಳಿತು ಅದನ್ನು ಪ್ರಯತ್ನಿಸಿ ನೋಡಿ. ಟ್ಯಾಬ್ಲೆಟ್ಟಿನ ಚಾರ್ಜ್ ಮುಗಿದರೆ ನೆಲದ ಮೇಲೆ ಸುಣ್ಣದಿಂದ 64 ಮನೆ ಬರೆದುಕೊಂಡು ಆಟವನ್ನು ಮುಂದುವರಿಸಬಹುದು.